ಶಿಲೆಯ ಭಾರವೂ ಸಾರಥಿಯ ಜೀವವೂ

ಕಾರ್ಕಳದ ಬಾಹುಬಲಿ ಸ್ವಾಮಿಯ ಶಾಸನವನ್ನು ಓದಿದವರಿಗೆ, ಆ ಬಿಂಬವನ್ನು ಮಾಡಿಸಿದವನು ಭೈರವರಸನ ಮಗನಾದ ವೀರಪಾಂಡ್ಯನೆಂದೂ, ಪ್ರೇರಣೆಯಿತ್ತವರು ಪನಸೋಗೆಯ ದೇಶೀಗಣದ ಲಲಿತಕೀರ್ತಿ ಮುನಿಗಳೆಂದೂ, ಪ್ರತಿಷ್ಠೆ ನಡೆದುದು ಶಕವರ್ಷ 1353ರ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುಕ್ಲ ದ್ವಾದಶಿಯಂದು, ಅಂದರೆ ಕ್ರಿ.ಶ. 1432ರ ಫೆಬ್ರವರಿ 13ರಂದು ಎಂದೂ ತಿಳಿಯುತ್ತದೆ. ಅರಸ, ಗುರು, ತಿಥಿ ಮೂರೂ ಕಲ್ಲಿನಲ್ಲಿ ನಿಂತಿವೆ. ಸುಮಾರು 42 ಅಡಿ ಎತ್ತರದ ಆ ಶಿಲೆಯನ್ನು ಬೆಟ್ಟದ ನೆತ್ತಿಗೆ ಎಳೆದೊಯ್ದವರ ಮಾತು ಮಾತ್ರ ಅಲ್ಲಿಲ್ಲ. ಶಾಸನಗಳ ಧರ್ಮವೇ ಹಾಗೆ. ದಾನಿಯ ಹೆಸರು ಉಳಿಯುತ್ತದೆ. ಹೊತ್ತವನ ಹೆಗಲು ಮಣ್ಣಾಗುತ್ತದೆ.

ಶ್ರವಣಬೆಳಗೊಳದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಕ್ರಿ.ಶ. 981ರ ಸುಮಾರಿನಲ್ಲಿ ಚಾವುಂಡರಾಯನು ಮಾಡಿಸಿದ 58 ಅಡಿಯ ಮೂರ್ತಿಯು ವಿಂಧ್ಯಗಿರಿಯ ಬಂಡೆಯಲ್ಲಿಯೇ ಮೂಡಿ, ಮೂಡಿದಲ್ಲಿಯೇ ನಿಂತಿತು. ಅದನ್ನು ಯಾರೂ ಹೊರಲಿಲ್ಲ, ಎಳೆಯಲಿಲ್ಲ. ತುಳುನಾಡಿನ ಬಿಂಬಗಳ ಚರಿತ್ರೆ ಬೇರೆ. ಅವು ಒಂದೆಡೆ ಕಡೆಯಲ್ಪಟ್ಟು ಇನ್ನೊಂದೆಡೆ ನೆಲೆಗೊಂಡವು. ಆದುದರಿಂದ ಅವುಗಳ ಚರಿತ್ರೆಯು ಶಿಲ್ಪದ ಚರಿತ್ರೆಯಾಗಿರುವಂತೆಯೇ ಸಾಗಣೆಯ ಚರಿತ್ರೆಯೂ ಆಗಿದೆ.

ಹದಿನೇಳನೆಯ ಶತಮಾನದ ಚಂದ್ರಮ ಕವಿಯು ತನ್ನ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ಶಾಸನ ಬಿಟ್ಟ ಈ ಸಂಗತಿಯನ್ನು ಎತ್ತಿಕೊಂಡಿದ್ದಾನೆ. ಬಿಂಬವನ್ನು ಇಪ್ಪತ್ತು ಗಾಲಿಗಳ ಬಂಡಿಯ ಮೇಲಿರಿಸಿ, ಬಲವಾದ ಹಗ್ಗಗಳಿಂದ ಜನರು ಎಳೆದು ಬೆಟ್ಟವನ್ನು ಹತ್ತಿಸಿದರೆಂದು ಅವನ ಕಥನ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದ ವಾಲ್‌ಹೌಸ್ ಎಂಬ ಆಂಗ್ಲ ಅಧಿಕಾರಿಯು 1876ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇದೇ ಬಿಂಬವನ್ನು ಕುರಿತು ಬರೆದನು. ತೂಕವು ಸುಮಾರು 80 ಟನ್ ಇರಬಹುದೆಂದು ಅಂದಾಜಿಸಿ, ಊರವರು ಹೇಳುತ್ತಿದ್ದ ಐತಿಹ್ಯವನ್ನೂ ದಾಖಲಿಸಿದನು. ಉಕ್ಕಿನ ಗಾಲಿಗಳುಳ್ಳ ಇಪ್ಪತ್ತು ಕಬ್ಬಿಣದ ಬಂಡಿಗಳು, ಅವುಗಳಿಗೆ ಹತ್ತು ಹತ್ತು ಸಾವಿರ ತೆಂಗಿನಕಾಯಿಗಳ ಶಾಂತಿ, ಮೇಲೆ ಲೆಕ್ಕವಿಲ್ಲದಷ್ಟು ಹತ್ತಿ, ಅನಂತರ ಇಳಿಜಾರಾಗಿ ಕಟ್ಟಿದ ಏರಿಯ ಮೇಲೆ ಭಕ್ತಸಮೂಹದ ಎಳೆತ: ಇದು ಆ ಐತಿಹ್ಯದ ಸಾರ.

ಸಂಖ್ಯೆಗಳು ಪುರಾಣದವು. ಆದರೆ ಪುರಾಣದೊಳಗೆ ಕೆಲಸ ಬಲ್ಲವರ ನೆನಪು ಅಡಗಿರುವುದನ್ನು ಕಾಣದಿರಲಾಗದು. ಭಾರವನ್ನು ಒಂದೆರಡು ಗಾಲಿಗಳ ಮೇಲೆ ಬಿಡದೆ ಇಪ್ಪತ್ತಕ್ಕೆ ಹಂಚಿದರು; 80 ಟನ್ನಿನ ಅಂದಾಜನ್ನೇ ಹಿಡಿದರೆ ಗಾಲಿಯೊಂದಕ್ಕೆ ನಾಲ್ಕು ಟನ್. ಕಲ್ಲಿಗೂ ಲೋಹಕ್ಕೂ ನಡುವೆ ಹತ್ತಿಯ ಮೆತ್ತೆ ಇಟ್ಟರು. ನೇರವಾದ ಏರನ್ನು ಬಿಟ್ಟು ಓರೆಯಾದ ಏರಿಯನ್ನು ಕಟ್ಟಿದರು. ಹಂಚುವುದು, ಮೆತ್ತೆಯಿಡುವುದು, ನಿಧಾನವಾಗಿ ಏರಿಸುವುದು. ಇಂದು ಭಾರೀ ಶಿಲೆಯನ್ನು ಟ್ರೇಲರಿನ ಮೇಲಿರಿಸುವ ನುರಿತ ಮೇಸ್ತ್ರಿಯೂ ಇದಕ್ಕಿಂತ ಬೇರೆ ಮಾತನ್ನೇನೂ ಹೇಳುವುದಿಲ್ಲ.

ವೇಣೂರಿನ 35 ಅಡಿಯ ಬಿಂಬವನ್ನು 1604ರಲ್ಲಿ ಪ್ರತಿಷ್ಠಾಪಿಸಿದ ತಿಮ್ಮರಾಜ ಅಜಿಲನ ವಿಷಯದಲ್ಲಿಯೂ ಐತಿಹ್ಯವು ಸಾಗಣೆಯನ್ನೇ ಸುತ್ತಿಕೊಂಡಿದೆ. ಕಲ್ಯಾಣಿ ಎಂಬಲ್ಲಿ ಕಡೆದ ಶಿಲೆಯನ್ನು ಫಲ್ಗುಣಿ ನದಿಯ ತೀರಕ್ಕೆ ತಂದರೆಂದೂ, ಕಾರ್ಕಳದ ಅರಸನು ಅದನ್ನು ಬಯಸಿ ದಂಡೆತ್ತಿ ಬಂದಾಗ ನದಿಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದರೆಂದೂ ಜನ ಹೇಳುತ್ತಾರೆ. ಬಾಹುಬಲಿಯ ಬಿಂಬಕ್ಕಾಗಿ ಯುದ್ಧ! ಗೆದ್ದ ರಾಜ್ಯವನ್ನು ತೊರೆದು ನಿಂತವನ ಮೂರ್ತಿಯನ್ನು ಬಲದಿಂದ ಸೆಳೆದುಕೊಳ್ಳುವ ಆಸೆಗೆ ಏನೆನ್ನಬೇಕೋ ತಿಳಿಯದು.

ಈ ಬೃಹದ್ಬಿಂಬಗಳು ಶತಮಾನಕ್ಕೊಂದರಂತೆ ನಡೆದ ಅಪೂರ್ವ ಘಟನೆಗಳು. ದಿನನಿತ್ಯದ ಭಾರವಾದರೋ ಬೇರೆಯವರ ಬೆನ್ನಿನ ಮೇಲಿತ್ತು. ಘಟ್ಟದ ಮೇಲಿನಿಂದ ಕರಾವಳಿಗೆ, ಕರಾವಳಿಯಿಂದ ಘಟ್ಟದ ಮೇಲಕ್ಕೆ ಅಕ್ಕಿ, ಉಪ್ಪು, ಮೆಣಸು, ಅಡಕೆಗಳು ಬಹುಕಾಲ ಸಾಗಿದ್ದು ಹೇರೆತ್ತುಗಳ ಮೂಲಕ. ನಮ್ಮ ಶಾಸನಗಳಲ್ಲಿ ವರ್ತಕಸಂಘಗಳು ಬಸದಿಗಳಿಗೆ ದತ್ತಿ ಬಿಡುವಾಗ ಹೇರಿಗೆ ಇಷ್ಟೆಂದು ನಿಗದಿಪಡಿಸಿದ ನಿದರ್ಶನಗಳಿವೆ. ಬಸದಿಯ ದೀಪಕ್ಕೆ ಎಣ್ಣೆಯೊದಗಿದ್ದು ಹೇರಿನ ಲೆಕ್ಕದಿಂದ. ಹೇರು ಹೆಚ್ಚಿದಷ್ಟೂ ಲಾಭ ಹೆಚ್ಚು. ಆದುದರಿಂದಲೇ ಶ್ರಾವಕರ ಆಚಾರವನ್ನು ನಿರೂಪಿಸಿದ ಆಚಾರ್ಯರು ಈ ಹೇರಿನ ಮೇಲೆ ಕಣ್ಣಿಟ್ಟಿದ್ದರು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾಲ್ಕನೆಯದನ್ನು ವಿವರಿಸುತ್ತ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ನ್ಯಾಯವಾದ ಭಾರಕ್ಕಿಂತ ಮಿಗಿಲಾಗಿ ಹೊರಿಸುವುದೆಂದು ಅರ್ಥ ಮಾಡಿದ್ದಾರೆ. ‘ನ್ಯಾಯವಾದ’ ಎಂಬ ಮಾತನ್ನು ಗಮನಿಸಬೇಕು. ಎತ್ತು ಕುಸಿಯುವವರೆಗೆ ಹೊರಬಲ್ಲುದು. ಆದರೆ ಕುಸಿಯುವ ಅಂಚು ನ್ಯಾಯದ ಅಂಚಲ್ಲ. ಹೊರುವವನ ಶಕ್ತಿ ಎಲ್ಲಿ ಮುಗಿಯುವುದೋ ಅದಕ್ಕಿಂತ ಮೊದಲೇ ನ್ಯಾಯದ ಗೆರೆ ಬಂದಿರುತ್ತದೆ. ವ್ಯಾಖ್ಯಾನ ಪರಂಪರೆಯಲ್ಲಿ ಇದಕ್ಕೊಂದು ಸರಳವಾದ ಅಳತೆಯೂ ಉಂಟು: ಮನುಷ್ಯನ ಮೇಲೆ ಹೊರಿಸುವುದಾದರೆ ಅವನು ತಾನೇ ಎತ್ತಿಕೊಂಡು ತಾನೇ ಇಳಿಸಬಲ್ಲಷ್ಟು, ಪಶುವಾದರೆ ಅದರ ಉಚಿತ ಭಾರಕ್ಕಿಂತ ತುಸು ಕಡಿಮೆ, ಅದೂ ಹೊತ್ತಿಗೆ ಸರಿಯಾಗಿ ನೊಗ ಕಳಚುವ ಕಟ್ಟಿನೊಡನೆ.

ಸಮಂತಭದ್ರಾಚಾರ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಅತಿಭಾರವನ್ನು ಒಮ್ಮೆ ಅಹಿಂಸೆಯ ಅತಿಚಾರಗಳಲ್ಲಿ ಎಣಿಸಿ ಅಷ್ಟಕ್ಕೇ ಬಿಡದೆ, ಪರಿಗ್ರಹಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ಮತ್ತೊಮ್ಮೆ ತಂದಿದ್ದಾರೆ. ಅಲ್ಲಿಯ ಐದರಲ್ಲಿ ಮೊದಲನೆಯದು ಅತಿವಾಹನ, ಕೊನೆಯದು ಅತಿಭಾರವಹನ. ಅತಿವಾಹನವೆಂದರೆ ಲೋಭದಿಂದ ವಾಹಕಪ್ರಾಣಿಯನ್ನು ಅದು ಸುಖವಾಗಿ ನಡೆಯಬಲ್ಲ ದೂರಕ್ಕಿಂತ ಆಚೆಗೆ ನಡೆಯಿಸುವುದು. ಹೀಗೆ ಒಂದೇ ತಪ್ಪಿಗೆ ಎರಡು ಮನೆ. ಎತ್ತಿನ ಬೆನ್ನಿನಲ್ಲಿ ಅದು ಹಿಂಸೆಯಾಗಿ ಕಾಣಿಸುತ್ತದೆ. ಅದರ ಬೇರು ಒಡೆಯನ ಲೆಕ್ಕದ ಪುಸ್ತಕದಲ್ಲಿ ಪರಿಗ್ರಹವಾಗಿ ಇಳಿದಿರುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಹೇಳಿದ ಹದಿನೈದು ವರ್ಜ್ಯವೃತ್ತಿಗಳಲ್ಲಿ ಶಕಟಕರ್ಮ, ಭಾಟಕಕರ್ಮಗಳೆರಡೂ ಸೇರಿವೆ. ಬಂಡಿಯಿಂದ ಜೀವಿಸುವುದು, ಬಾಡಿಗೆಗೆ ಭಾರ ಹೊರಿಸಿ ಜೀವಿಸುವುದು. ಇವನ್ನು ಅಕ್ಷರಶಃ ಹಿಡಿದರೆ ಇಂದಿನ ಸಾಗಣೆದಾರನಾದ ಶ್ರಾವಕನಿಗೆ ನಿಲ್ಲಲು ನೆಲವಿಲ್ಲ. ಲಾರಿಯು ನಿರ್ಜೀವವಲ್ಲವೇ, ಅದಕ್ಕೆ ನೋವೇ ಎಂದು ಅವನು ಕೇಳಬಹುದು. ಲಾರಿಗೆ ನೋವಿಲ್ಲ. ಅದರ ಮೂತಿಯಲ್ಲಿ ಕುಳಿತವನಿಗೆ ಉಂಟು.

ಸ್ವತಂತ್ರ ಭಾರತದ ಎರಡು ಕಾನೂನುಗಳನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕನ ಸಾಮಾನ್ಯ ದುಡಿಮೆಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕಟ್ಟಿ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆಯ ವಿಶ್ರಾಂತಿ ಕೊಡಲೇಬೇಕೆಂದು ವಿಧಿಸಿತು. ನಾಲ್ಕು ವರ್ಷಗಳ ಅನಂತರ, 1965ರಲ್ಲಿ, ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಅಡಿಯಲ್ಲಿ ಬಂಡಿ ಎಳೆಯುವ, ಹೇರು ಹೊರುವ ಪಶುಗಳಿಗಾಗಿ ನಿಯಮಗಳು ಬಂದವು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು; ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆ ಮೀರಬಾರದು; ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗಕ್ಕೆ ಹೂಡಬಾರದು. ಎತ್ತಿಗೂ ಮನುಷ್ಯನಿಗೂ ಅದೇ ಐದು ಗಂಟೆ. ಸಮಂತಭದ್ರರು ಒಂದೇ ಪದದಲ್ಲಿ ಹೇಳಿದ ಅತಿವಾಹನಕ್ಕೆ ರಾಜ್ಯವು ಗಡಿಯಾರದ ಮುಳ್ಳನ್ನು ಇಟ್ಟುಕೊಟ್ಟಿತು. 1961ರ ಆ ಕಾಯಿದೆಯನ್ನು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ತನ್ನೊಳಗೆ ಸೇರಿಸಿಕೊಂಡಿದೆ. ಕಾಗದದಲ್ಲಿ ಚಾಲಕನಿಗೆ ರಕ್ಷೆ ಎಂದೂ ಕಡಿಮೆಯಾಗಿರಲಿಲ್ಲ. ಹೆದ್ದಾರಿಯ ಢಾಬಾಗಳಲ್ಲಿ ಹಗ್ಗದ ಮಂಚದ ಮೇಲೆ ಒಂದು ಗಂಟೆ ಕಣ್ಣುಮುಚ್ಚಿ ಮತ್ತೆ ಚಕ್ರ ಹಿಡಿಯುವವನಿಗೆ ಅದರಲ್ಲಿ ಎಷ್ಟು ಪಾಲು ಸಲ್ಲುತ್ತದೆಂಬುದು ಬೇರೆ ಮಾತು.

ಈಗ ಭಾರವನ್ನು ಹೇರುವ ಬಗೆಯನ್ನು ಕುರಿತು. ಸೂತ್ರಕಾರರು ಆಸ್ರವದ ಅಧಿಕರಣಗಳನ್ನು ಹೇಳುವಲ್ಲಿ ನಿಕ್ಷೇಪವನ್ನೂ, ಎಂದರೆ ವಸ್ತುವನ್ನು ಇರಿಸುವುದನ್ನೂ ಎಣಿಸಿದ್ದಾರೆ. ಅದು ನಾಲ್ಕು ಬಗೆಯಲ್ಲಿ ದೋಷವಾಗುತ್ತದೆಂದು ವ್ಯಾಖ್ಯಾನ: ನೋಡದೆ ಇರಿಸುವುದು, ಸರಿಯಾಗಿ ಗುಡಿಸದೆ ಇರಿಸುವುದು, ಅವಸರದಿಂದ ಇರಿಸುವುದು, ಮನಸ್ಸಿಲ್ಲದೆ ಇರಿಸುವುದು. ಇದು ಮುನಿಗಳ ಕಮಂಡಲು ಶಾಸ್ತ್ರಗಳ ಮಾತು, ಆದಾನನಿಕ್ಷೇಪಣ ಸಮಿತಿಯ ಮಾತು, ಇದಕ್ಕೂ ಲಾರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಕಮಂಡಲುವಿನ ಅಡಿಯಲ್ಲಿ ಇರುವೆ ಸಿಕ್ಕೀತೆಂದು ಹೆದರಿದ ಧರ್ಮವು ಹನ್ನೆರಡು ಟನ್ನಿನ ಕಲ್ಲಿನ ಅಡಿಯಲ್ಲಿ ಮನುಷ್ಯ ಸಿಕ್ಕುವುದನ್ನು ಕುರಿತು ಮೌನವಾಗಿರಲು ಸಾಧ್ಯವೇ? ವಿಚಿತ್ರವೆಂದರೆ, ಆ ನಾಲ್ಕು ದೋಷಗಳೂ ಚಪ್ಪಟೆ ಹಾಸಿನ ಟ್ರೇಲರಿಗೆ ಒಂದೂ ಬಿಡದಂತೆ ಹೊಂದುತ್ತವೆ.

ನೋಡುವುದೆಂದರೆ ಮೊದಲು ತೂಕವನ್ನು ಅರಿಯುವುದು. ಗ್ರಾನೈಟಾಗಲಿ ಅಮೃತಶಿಲೆಯಾಗಲಿ ಘನಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ದಿಮ್ಮಿ ಕಣ್ಣಿಗೆ ದೊಡ್ಡದೆನಿಸದು. ಅದು 12 ಟನ್. ಒಂದು ಮೀಟರ್ ಚೌಕದ, ಹತ್ತು ಮೀಟರ್ ಉದ್ದದ ಮಾನಸ್ತಂಭದ ಕಲ್ಲು 27 ಟನ್. ಟೇಪು ಹಿಡಿದು ಅಳೆದು ಗುಣಿಸಿದರೆ ಯಾವ ಟ್ರಸ್ಟಿನ ಕಾರ್ಯದರ್ಶಿಯೂ ಐದು ನಿಮಿಷದಲ್ಲಿ ಕಂಡುಕೊಳ್ಳಬಹುದಾದ ಈ ಲೆಕ್ಕವನ್ನು ಮಾಡದೆ, ‘ಒಂದು ಲಾರಿ ಸಾಕು’ ಎಂದು ಗೊತ್ತುಮಾಡುವುದೇ ಅನೇಕ ಅನಾಹುತಗಳ ಮೊದಲ ಸಾಲು.

ಗುಡಿಸುವುದು ಅಲಂಕಾರದ ಮಾತಲ್ಲ. ಕಬ್ಬಿಣದ ಹಾಸಿನ ಮೇಲೆ ಮರಳು, ಕಲ್ಲಿನ ಪುಡಿ ಉಳಿದರೆ ಒಂದೊಂದು ಕಣವೂ ಚಿಕ್ಕ ಗಾಲಿಯಾಗುತ್ತದೆ. ಎಣ್ಣೆಯೋ ಮಳೆನೀರೋ ಸೇರಿದರೆ ಹೇಳುವುದೇ ಬೇಡ. ಕಲ್ಲನ್ನು ಹಾಸಿನ ಮೇಲೆ ಹಿಡಿದಿಡುವುದರಲ್ಲಿ ಘರ್ಷಣೆಯ ಪಾಲು ಬಹು ದೊಡ್ಡದು. ಆದುದರಿಂದ ಕಲ್ಲನ್ನು ಬರಿಯ ಕಬ್ಬಿಣದ ಮೇಲಿರಿಸದೆ ಮರದ ತೊಲೆಗಳನ್ನೋ ದಪ್ಪ ರಬ್ಬರಿನ ಹಾಳೆಯನ್ನೋ ನಡುವೆ ಹಾಕುತ್ತಾರೆ. ಕಾರ್ಕಳದ ಐತಿಹ್ಯದ ಹತ್ತಿ ನೆನಪಾಗುತ್ತದೆ.

ಭಾರವು ಬಿದ್ದೀತೆಂದು ಹೆದರುವವರು ಸಾಮಾನ್ಯವಾಗಿ ಪಕ್ಕಕ್ಕೆ ಬೀಳುವುದನ್ನು ಊಹಿಸುತ್ತಾರೆ. ಚಾಲಕನಿಗೆ ಮೃತ್ಯು ಬರುವುದು ಹೆಚ್ಚಾಗಿ ಹಿಂದಿನಿಂದ. ಓಡುವ ಲಾರಿ ಥಟ್ಟನೆ ನಿಂತಾಗ ಕಲ್ಲು ನಿಲ್ಲುವುದಿಲ್ಲ. ಅದು ತನ್ನ ವೇಗವನ್ನು ಇಟ್ಟುಕೊಂಡು ಮುಂದಕ್ಕೆ ಸರಿದು ಚಾಲಕನ ಕೋಣೆಯ ಬೆನ್ನುಗೋಡೆಯನ್ನು ಹೊಡೆಯುತ್ತದೆ. ಬಹುಕಾಲ ನಮ್ಮ ಲಾರಿಗಳ ಆ ಕೋಣೆಗಳು ಊರಿನ ಬಡಗಿಗಳು ಮರದಿಂದ ಕಟ್ಟಿದವು. ಸರಕನ್ನು ಕಟ್ಟುವ ನಿಯಮಗಳನ್ನು ಕಟ್ಟುನಿಟ್ಟಾಗಿ ಮಾಡಿಕೊಂಡ ದೇಶಗಳಲ್ಲಿ ಒಂದು ಪ್ರಮಾಣವಿದೆ: ಮುಂದಕ್ಕೆ ಸರಿಯದಂತೆ ತಡೆಯುವ ಬಲವು ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲಾದರೂ ಇರಬೇಕು, ಹಿಂದಕ್ಕೂ ಎರಡು ಪಕ್ಕಗಳಿಗೂ ಹತ್ತರಲ್ಲಿ ಐದು ಪಾಲು. 12 ಟನ್ನಿನ ದಿಮ್ಮಿಗೆ ಮುಂದಿನ ತಡೆ ಒಂಬತ್ತೂವರೆ ಟನ್ನಿಗೂ ಹೆಚ್ಚು. ತೆಂಗಿನ ನಾರಿನ ಹಗ್ಗ ಎರಡು ಸುತ್ತು ಸುತ್ತಿ, ಮೇಲೆ ನಿಂಬೆಹಣ್ಣು ಕಟ್ಟಿದ ಮಾತ್ರಕ್ಕೆ ಅಷ್ಟು ತಡೆ ಹುಟ್ಟುವುದಿಲ್ಲ. ಮುಂಭಾಗದಲ್ಲಿ ಹಾಸಿಗೆ ಬಿಗಿದ ಅಡ್ಡತೊಲೆ, ಪಕ್ಕಗಳಲ್ಲಿ ಬೆಣೆ, ನಾಲ್ಕು ದಿಕ್ಕಿಗೂ ಎಳೆದು ಬಿಗಿದ ಉಕ್ಕಿನ ಸರಪಳಿ, ಸರಪಳಿಯು ಕಲ್ಲಿನ ಚೂಪಾದ ಅಂಚನ್ನು ಮುಟ್ಟುವಲ್ಲಿ ಮೆತ್ತೆ. ಇಷ್ಟಾದ ಮೇಲೂ ಹೊರಟ ಕೆಲವು ಮೈಲಿಗಳಲ್ಲೇ ನಿಲ್ಲಿಸಿ ಮತ್ತೆ ಬಿಗಿಯಬೇಕು. ಏಕೆಂದರೆ ಅಲುಗಾಟಕ್ಕೆ ತೊಲೆ ಒತ್ತಿಕೊಂಡು ಸರಪಳಿ ಸಡಿಲವಾಗಿರುತ್ತದೆ. ಆ ನಿಲುಗಡೆಯನ್ನು ತಪ್ಪಿಸುವುದೇ ಮನಸ್ಸಿಲ್ಲದ ನಿಕ್ಷೇಪ.

ಇಲ್ಲೊಂದು ಸ್ವಾರಸ್ಯವನ್ನು ಹೇಳಬಹುದು. ಅಹಿಂಸಾಣುವ್ರತದ ಮೊದಲ ಅತಿಚಾರ ಬಂಧ. ಜೀವಿಯನ್ನು ಅದರ ಇಷ್ಟದ ಚಲನೆಗೆ ಅಡ್ಡಿಯಾಗುವಂತೆ ಕಟ್ಟುವುದು ತಪ್ಪು. ನಿರ್ಜೀವದ ವಿಷಯದಲ್ಲಿ ಅದು ತಲೆಕೆಳಗಾಗುತ್ತದೆ. ಕಲ್ಲನ್ನು ಕಟ್ಟದಿರುವುದೇ ತಪ್ಪು.

ಗ್ರಾನೈಟಿನ ಹಲಗೆಗಳ ಅಪಾಯ ಬೇರೆ ಬಗೆಯದು. ಅವನ್ನು ಓರೆಯಾದ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿರುತ್ತಾರೆ. ದಾರಿಯಲ್ಲಿ ಸುಖವಾಗಿ ಬಂದ ಹಲಗೆಗಳು, ತಲುಪಿದ ಮೇಲೆ ಕಟ್ಟು ಬಿಚ್ಚಿದ ಕ್ಷಣದಲ್ಲಿ ಪುಸ್ತಕದ ಹಾಳೆಗಳಂತೆ ಮಗುಚುತ್ತವೆ. ಎರಡು ಹಲಗೆಗಳ ನಡುವೆ ನಿಂತು ಕೈಕೊಟ್ಟ ಕೂಲಿಯವನಿಗೆ ಓಡಲು ಎಡೆಯಿರುವುದಿಲ್ಲ. ನೆಲ ವಾಲಿರುವೆಡೆ ಲಾರಿಯನ್ನು ನಿಲ್ಲಿಸಿ ಇಳಿಸುವುದು ಇದಕ್ಕೆ ಮುಖ್ಯ ಕಾರಣ. ಬಸದಿಗಳ ಅಂಗಳಗಳು ಎಷ್ಟು ಕಡೆ ಸಮತಟ್ಟಾಗಿವೆ ಎಂಬುದನ್ನು ಆಯಾ ಊರಿನವರೇ ಬಲ್ಲರು. ಸಮುದಾಯ ಭವನಕ್ಕೆ ತರುವ ಕಬ್ಬಿಣದ ಸರಳುಗಳು ಲಾರಿಯ ಹಿಂದೆ ಚಾಚಿಕೊಂಡು ರಾತ್ರಿ ಹಿಂದಿನಿಂದ ಬಂದವರನ್ನು ಇರಿದ ಪ್ರಕರಣಗಳು ಹೆಚ್ಚಿದ್ದರಿಂದ, ಹಾಗೆ ಚಾಚುವಂತೆ ಹೇರುವುದಕ್ಕೆ ಇದ್ದ ಅವಕಾಶವನ್ನು 2014ರಲ್ಲಿ ಕೇಂದ್ರ ಸರಕಾರವು ತೆಗೆದುಹಾಕಿತು.

ಅತಿಭಾರದ ಕಾನೂನು ಹೆಚ್ಚು ತಿರುವುಗಳನ್ನು ಕಂಡಿದೆ. 1988ರ ಮೋಟಾರು ವಾಹನ ಕಾಯಿದೆಯ 113ನೆಯ ಕಲಮು ನಿಗದಿಯಾದ ತೂಕವನ್ನು ಮೀರಿ ಹೇರುವುದನ್ನು ನಿಷೇಧಿಸಿತು. ಆದರೆ ಕೆಲವು ರಾಜ್ಯಗಳು ಮುಂಗಡ ಹಣ ಪಡೆದು, ಅತಿಭಾರದ ಲಾರಿಗಳನ್ನು ತಡೆಯದೆ ಬಿಡುವ ಚೀಟಿಗಳನ್ನು ಕೊಡತೊಡಗಿದವು. ಪಾಪಕ್ಕೆ ಮುಂಚಿತವಾಗಿಯೇ ರಸೀತಿ! 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಸಲ್ಲದೆಂದು ತೀರ್ಪಿತ್ತಿತು. ದಂಡ ಕಟ್ಟಿದರೂ ಹೆಚ್ಚುವರಿ ಭಾರವನ್ನು ಇಳಿಸದೆ ಮುಂದೆ ಹೋಗುವಂತಿಲ್ಲವೆಂದಿತು. 2018ರಲ್ಲಿ ಕೇಂದ್ರ ಸರಕಾರವು ಮಿತಿಯನ್ನೇ ಏರಿಸಿ, ಮೂರು ಅಚ್ಚುಗಳ ಲಾರಿಯ ಒಟ್ಟು ತೂಕವನ್ನು 25 ಟನ್ನಿನಿಂದ 28.5 ಟನ್ನಿಗೆ ಒಯ್ದಿತು. 2019ರ ತಿದ್ದುಪಡಿಯು ಅತಿಭಾರಕ್ಕೆ 20,000 ರೂಪಾಯಿ, ಮೀರಿದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವನ್ನು ವಿಧಿಸಿತು. ದಂಡದ ಮೊತ್ತಕ್ಕಿಂತ ಆ ದಂಡವಿಧಿಯ ವಾಕ್ಯರಚನೆ ಜೈನವಾಚಕರಿಗೆ ಹೆಚ್ಚು ಪರಿಚಿತವೆನಿಸೀತು. ಶಿಕ್ಷೆಗೆ ಗುರಿಯಾಗುವವರು ಮೂವರು: ಹಾಗೆ ವಾಹನವನ್ನು ನಡೆಸುವವನು, ನಡೆಸುವಂತೆ ಮಾಡುವವನು, ನಡೆಸಲು ಬಿಡುವವನು. ಕೃತ, ಕಾರಿತ, ಅನುಮತ. ದೆಹಲಿಯ ಕಾನೂನು ಕರಡುಗಾರನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಓದಿರಲಾರನು; ಹೊಣೆಯ ಎಳೆಯನ್ನು ಕೊನೆಯವರೆಗೆ ಹಿಡಿದು ನೋಡಿದ ಯಾರಿಗಾದರೂ ಈ ಮೂವರೇ ಕಾಣುತ್ತಾರೆ. 113ನೆಯ ಕಲಮಿನಲ್ಲಿ ಇನ್ನೊಂದು ಮಾತೂ ಉಂಟು: ಚಾಲಕನು ಒಡೆಯನಲ್ಲದಿದ್ದಲ್ಲಿ, ಆ ತಪ್ಪು ಒಡೆಯನಿಗೆ ತಿಳಿದೇ ಅಥವಾ ಅವನ ಆಜ್ಞೆಯಿಂದಲೇ ನಡೆಯಿತೆಂದು ನ್ಯಾಯಾಲಯವು ಭಾವಿಸಬಹುದು.

ಮೂರನೆಯವನಾದ ಅನುಮತನ ಸ್ಥಾನದಲ್ಲಿ ನಮ್ಮ ಬಸದಿಗಳ ಆಡಳಿತ ಮಂಡಲಿಗಳು ಎಷ್ಟೋ ಬಾರಿ ತಿಳಿಯದೆಯೇ ಕುಳಿತಿರುತ್ತವೆ. ರಾಜಸ್ಥಾನದಿಂದ ಬಿಂಬ ಬರಬೇಕು, ಮಾನಸ್ತಂಭದ ಕಲ್ಲು ಬರಬೇಕು, ಪಂಚಕಲ್ಯಾಣದ ಮುಹೂರ್ತ ನಿಶ್ಚಯವಾಗಿ ಆಮಂತ್ರಣ ಪತ್ರಿಕೆ ಅಚ್ಚಾಗಿದೆ. ಶಿಲ್ಪಿಯ ಕೆಲಸ ಹತ್ತು ದಿನ ತಡವಾಯಿತು. ಆ ಹತ್ತು ದಿನಗಳನ್ನು ತುಂಬಿಕೊಡುವವನು ಯಾರು? ಶಿಲ್ಪಿಯಲ್ಲ, ಪ್ರತಿಷ್ಠಾಚಾರ್ಯರಲ್ಲ, ಟ್ರಸ್ಟಿನವರೂ ಅಲ್ಲ. ದೂರವಾಣಿಯಲ್ಲಿ ದಿನಕ್ಕೆ ಆರು ಬಾರಿ ‘ಎಲ್ಲಿದ್ದೀಯಪ್ಪ, ಎಷ್ಟು ಹೊತ್ತಿಗೆ ಬರುತ್ತೀಯ’ ಎಂದು ಕೇಳಿಸಿಕೊಳ್ಳುವ ಚಾಲಕನು ತನ್ನ ನಿದ್ರೆಯಿಂದ ಅದನ್ನು ತುಂಬಿಕೊಡುತ್ತಾನೆ. ಸೂರ್ಯಾಸ್ತದ ಮೇಲೆ ಉಣ್ಣದ ಮನೆತನಗಳು, ರಾತ್ರಿಯ ಸಂಚಾರದಲ್ಲಿ ಹಿಂಸೆಯುಂಟೆಂದು ವಿಹಾರ ನಿಲ್ಲಿಸುವ ಮುನಿಗಳ ಭಕ್ತರು, ತಮ್ಮ ಭಗವಂತನ ಬಿಂಬವನ್ನು ಹೊತ್ತ ಲಾರಿಯು ರಾತ್ರಿ ಎರಡು ಗಂಟೆಗೆ ಘಾಟಿಯಿಳಿಯುವುದನ್ನು ಕೇಳಿ ‘ಬೇಗ ಬಂತು’ ಎಂದು ಸಂತೋಷಪಡುತ್ತಾರೆ. ಇಳಿಜಾರಿನಲ್ಲಿ ಭಾರವಾದ ವಾಹನದ ಬ್ರೇಕು ಕಾದು ಹಿಡಿತ ಬಿಡುವುದೂ, ಬೆಳಗಿನ ಜಾವ ಕಣ್ಣು ಎಳೆಯುವುದೂ ಒಂದೇ ತಿರುವಿನಲ್ಲಿ ಕೂಡಿದರೆ ಏನಾಗುವುದೆಂದು ಅವರಿಗೆ ತಿಳಿಯದೆಂದಲ್ಲ. ಕಣ್ಣಿಗೆ ಬೀಳದ ದೂರದಲ್ಲಿ ನಡೆಯುವುದರಿಂದ ಮನಸ್ಸಿಗೆ ತಟ್ಟುವುದಿಲ್ಲ. ಬಾಡಿಗೆಯ ಕರಾರಿನಲ್ಲಿ ಎರಡನೆಯ ಚಾಲಕನ ಸಂಬಳ, ರಾತ್ರಿ ತಂಗುವ ದಿನಗಳ ವೆಚ್ಚ, ತೂಕದ ಚೀಟಿ ಇವನ್ನು ಬರೆಯಿಸಿದರೆ ಖರ್ಚು ಕೆಲವು ಸಾವಿರ ಹೆಚ್ಚಾದೀತು. ಕಲಶದ ಸವಾಲಿನಲ್ಲಿ ಒಂದು ಉಸಿರಿಗೆ ಏರುವ ಮೊತ್ತ ಅದಕ್ಕಿಂತ ದೊಡ್ಡದು.

ಅವಸರವಿಲ್ಲದೆ ನಡೆದ ಸಾಗಣೆಯೊಂದು ನಮ್ಮ ಕಾಲದಲ್ಲೇ ಇದೆ. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ 1967ರಲ್ಲಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ 39 ಅಡಿಯ ಬಾಹುಬಲಿಯನ್ನು ಕಡೆಯತೊಡಗಿದರು. ಮರುವರ್ಷವೇ ಹೆಗ್ಗಡೆಯವರು ಕಾಲವಾದರು. ಅವರ ಮಗ ವೀರೇಂದ್ರ ಹೆಗ್ಗಡೆಯವರು ಕಾರ್ಯವನ್ನು ಮುಂದುವರಿಸಿದರು. ಶಿಲೆಯ ತೂಕ ಸುಮಾರು 170 ಟನ್, ಅಂದರೆ ವಾಲ್‌ಹೌಸನು ಕಾರ್ಕಳದ ಬಿಂಬಕ್ಕೆ ಹೇಳಿದ ತೂಕದ ಇಮ್ಮಡಿಗೂ ಮಿಗಿಲು. ಅದಕ್ಕಾಗಿ 64 ಗಾಲಿಗಳ ಟ್ರಾಲಿಯನ್ನು ತರಿಸಲಾಯಿತು. ಟ್ರಾಲಿಯ ಸ್ವಂತ ತೂಕವನ್ನು ಬಿಟ್ಟರೆ ಗಾಲಿಯೊಂದಕ್ಕೆ ಎರಡೂಮುಕ್ಕಾಲು ಟನ್ನಿಗೂ ಕಡಿಮೆ. ವೀರಪಾಂಡ್ಯನ ಇಪ್ಪತ್ತು ಗಾಲಿಗಳ ಬಂಡಿಗಿಂತ ಒಂದೂಕಾಲು ಟನ್ ಹಗುರ. ತೀರ ಈಚೆಗೆ, 2018ರ ಕೊನೆಯಲ್ಲಿ, ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ಬೆಂಗಳೂರಿನ ಈಜಿಪುರಕ್ಕೆ ಹೊರಟ ಮಹಾವಿಷ್ಣುವಿನ ಶಿಲೆಗೆ 240 ಗಾಲಿಗಳು ಬೇಕಾದವು. ದಾರಿಯಲ್ಲಿ ಟೈರುಗಳು ಒಡೆದು, ಅಂಗಡಿಮನೆಗಳ ಭಾಗಗಳನ್ನು ಕೆಡವಿ ಹಾದಿಮಾಡಿ, ಅದು ತಲುಪುವಾಗ 2019ರ ನಡುಭಾಗವಾಗಿತ್ತು.

ಕಾರ್ಕಳದಿಂದ ಧರ್ಮಸ್ಥಳಕ್ಕೆ ಇರುವ ದೂರ ಅರವತ್ತು ಕಿಲೋಮೀಟರಿನ ಆಸುಪಾಸು. ಮಲೆನಾಡಿನ ಮಗ್ಗುಲಿನ ಏರಿಳಿತದ, ಹೊಳೆಹಳ್ಳಗಳ ದಾರಿ. ಬಿಂಬವು ಧರ್ಮಸ್ಥಳವನ್ನು ಸೇರಿದ್ದು 1973ರಲ್ಲಿ. ರತ್ನಗಿರಿಯ ಮೇಲೆ ಅದರ ಪ್ರತಿಷ್ಠೆಯೂ ಪ್ರಥಮ ಮಹಾಮಸ್ತಕಾಭಿಷೇಕವೂ ನಡೆದುದು 1982ರ ಫೆಬ್ರವರಿಯಲ್ಲಿ. ಶಿಲೆಯ ಆಗಮನಕ್ಕೂ ಮುಹೂರ್ತಕ್ಕೂ ನಡುವೆ ಒಂಬತ್ತು ವರ್ಷಗಳ ಅಂತರವಿತ್ತು. ಆ ಟ್ರಾಲಿಯನ್ನು ನಡೆಸಿದವರಿಗೆ ತಿರುವು ತಿರುವಿನಲ್ಲಿಯೂ ನಿಲ್ಲಿಸಿ, ಇಳಿದು, ಸರಪಳಿಯನ್ನು ಮುಟ್ಟಿ ನೋಡಲು ಹೊತ್ತಿತ್ತು.